ಡಿಸ್ಕ್ ನಿಮ್ಮದು, ಆಟ ಯಾರದು?

ದುಡ್ಡು ಕೊಟ್ಟು ತಂದ ಗೇಮ್ ಕಪಾಟಿನಲ್ಲೇ ಇದೆ. ಡಿಸ್ಕ್ ಮೇಲೆ ಒಂದು ಗೀರೂ ಬಿದ್ದಿಲ್ಲ. ಆದರೂ ಅದು ಓಡಲ್ಲ ಅಂದ್ರೆ? ಇವತ್ತಿನ ಕಥೆ ಅದೇ.

ಮೊದಲು 1998ಕ್ಕೆ ಹೋಗೋಣ. ಆ ವರ್ಷ ನವೆಂಬರ್‌ನಲ್ಲಿ ಸೆಗಾ ಕಂಪನಿ ಜಪಾನಿನಲ್ಲಿ ಡ್ರೀಮ್‌ಕಾಸ್ಟ್ ಅನ್ನೋ ಕನ್ಸೋಲ್ ಬಿಡುಗಡೆ ಮಾಡಿತು. ಅದರ ಜೊತೆಗೇ ಮೋಡೆಮ್ ಬರುತ್ತಿತ್ತು. ಫೋನ್ ಲೈನ್ ಜೋಡಿಸಿದರೆ ದೂರದ ಊರಿನವರ ಜೊತೆ ಆಡಬಹುದಿತ್ತು. 2002ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಲೈವ್ ಶುರುವಾಯ್ತು. ಅದಕ್ಕೆ ಬ್ರಾಡ್‌ಬ್ಯಾಂಡೇ ಬೇಕಿತ್ತು. ಆದರೆ ಆಗೆಲ್ಲ ಇಂಟರ್ನೆಟ್ ಅಂದ್ರೆ ಊಟದ ಜೊತೆಗಿನ ಉಪ್ಪಿನಕಾಯಿ. ಇದ್ದರೆ ರುಚಿ, ಇಲ್ಲದಿದ್ದರೂ ಹೊಟ್ಟೆ ತುಂಬ್ತಿತ್ತು.

2011ರ ಏಪ್ರಿಲ್‌ನಲ್ಲಿ ಹ್ಯಾಕರ್‌ಗಳು ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ನುಗ್ಗಿದರು. ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತು, ಸೇವೆ ಮೂರು ವಾರಕ್ಕೂ ಹೆಚ್ಚು ಕಾಲ ಬಂದ್ ಆಯ್ತು. ಆಗಲೂ ಡಿಸ್ಕ್ ಹಾಕಿ ಒಬ್ಬರೇ ಆಡೋರಿಗೆ ಹೆಚ್ಚು ತೊಂದರೆ ಆಗಲಿಲ್ಲ.

ದೊಡ್ಡ ಜಗಳ ಶುರುವಾಗಿದ್ದು 2013ರಲ್ಲಿ. ಹೊಸ ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆಯಾದರೂ ಇಂಟರ್ನೆಟ್‌ಗೆ ಹೋಗಿ ಬರಲೇಬೇಕು, ಇಲ್ಲಾಂದ್ರೆ ಗೇಮ್ ಆಡೋಕೆ ಬಿಡಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತು. ಆಟಗಾರರು ಸಿಡಿದೆದ್ದರು. ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಸೋನಿ, ‘ನಮ್ಮ ಪಿಎಸ್4ಗೆ ಅಂಥ ಷರತ್ತಿಲ್ಲ’ ಅಂತ ಘೋಷಿಸಿದಾಗ ಸಭಾಂಗಣದ ತುಂಬ ಚಪ್ಪಾಳೆ. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಷರತ್ತು ಹಿಂತೆಗೆದುಕೊಂಡಿತು.

ಆಟಗಾರರು ಗೆದ್ದರು, ನಿಜ. ಆದರೆ ಮುಂಬಾಗಿಲಿಂದ ಓಡಿಸಿದ್ದು ಹಿತ್ತಲ ಬಾಗಿಲಿಂದ ಒಳಗೆ ಬಂತು. ಕನ್ಸೋಲ್ ಮೇಲಿದ್ದ ಷರತ್ತು ಒಂದೊಂದೇ ಗೇಮ್ ಒಳಗೆ ಸೇರಿಕೊಳ್ತು.

2014ರ ಡಿಸೆಂಬರ್‌ನಲ್ಲಿ ಯೂಬಿಸಾಫ್ಟ್ ‘ದಿ ಕ್ರೂ’ ಅನ್ನೋ ಕಾರ್ ರೇಸಿಂಗ್ ಗೇಮ್ ತಂದಿತು. ಒಬ್ಬರೇ ಕೂತು ಆಡಿದರೂ ಅದಕ್ಕೆ ಕಂಪನಿಯ ಸರ್ವರ್ ಬೇಕೇ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ದುಡ್ಡು ಕೊಟ್ಟವರ ಕೈಯಲ್ಲಿ ಉಳಿದಿದ್ದು ಬರೀ ಪ್ಲಾಸ್ಟಿಕ್ ತಟ್ಟೆ.

ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂತು. ಡಿಜಿಟಲ್ ಗೇಮ್ ಮಾರುವವರು ಸಿಗೋದು ಬರೀ ಬಳಕೆಯ ಪರವಾನಗಿ ಅನ್ನೋದನ್ನ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಅನ್ನೋ ಹಾಗಿಲ್ಲ. ಆದರೆ ಸತ್ಯ ಹೇಳಿದ ಮಾತ್ರಕ್ಕೆ ಹೋದ ಆಟ ವಾಪಸ್ ಬರಲ್ಲ.

ಹಾಗಾಗಿ ಮುಂದಿನ ಸಲ ಬೆಲೆ, ಗ್ರಾಫಿಕ್ಸ್ ನೋಡೋ ಮೊದಲು ಒಂದು ಪ್ರಶ್ನೆ ಕೇಳಿ: ನೆಟ್ ಇಲ್ಲದೆ ಇದು ಓಡುತ್ತಾ? ಹಳೇ ಕನ್ಸೋಲ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡೋರು ಸಿಗ್ತಾರೆ. ಕಂಪನಿ ಆರಿಸಿದ ಸರ್ವರ್‌ನ ಸ್ವಿಚ್ ಮಾತ್ರ ನಮ್ಮ ಕೈಗೆ ಎಟುಕಲ್ಲ.