ಆಲೂಗೆಡ್ಡೆಯ ಮೂಟೆಯೂ ಪಿಡುಗಿನ ಕಾಯಿದೆಯೂ: ಹಾಸನ ಸೀಮೆಯನ್ನು ಕುರಿತು ಒಂದು ವಿಚಾರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಮುಂಗಾರಿನ ಆಲೂಗೆಡ್ಡೆಯ ಬೇಸಾಯ ಬಹುಕಾಲದಿಂದ ನಡೆದುಬಂದಿದೆ. ಆದರೆ ಬಿತ್ತನೆಯ ಗೆಡ್ಡೆ ಬಹುಮಟ್ಟಿಗೆ ಇಲ್ಲಿಯದಲ್ಲ. ಪಂಜಾಬಿನ ಜಲಂಧರದ ಸೀಮೆಯಲ್ಲಿ ಚಳಿಗಾಲದಲ್ಲಿ ಬೆಳೆದು, ಶೀತಲಗೃಹದಲ್ಲಿ ಕಾಪಾಡಿದ ಗೆಡ್ಡೆ ಮುಂಗಾರಿನ ಮೊದಲಲ್ಲಿ ಮೂಟೆಗಟ್ಟಲೆ ಹಾಸನದ ಮಾರುಕಟ್ಟೆಗೆ ಬಂದಿಳಿಯುತ್ತದೆ. ಹೀಗೆ ದೂರದಿಂದ ಬರುವ ಬೀಜದೊಡನೆ ರೋಗವೂ ಕೀಟವೂ ಬಾರದಂತೆ ತಡೆಯಲು ನಮ್ಮ ಶಾಸನಗಳು ಎಷ್ಟರಮಟ್ಟಿಗೆ ಶಕ್ತವಾದವು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಈ ಬಗೆಯ ಶಾಸನದ ಮೂಲವನ್ನು ಹುಡುಕುತ್ತ ಹೋದರೆ ನಾವು ಒಂದು ದ್ವೀಪವನ್ನು ತಲಪುತ್ತೇವೆ. ಅಮೆರಿಕದ ಕೊಲರಾಡೊ ದುಂಬಿ ಆಲೂಗೆಡ್ಡೆಯ ಎಲೆಯನ್ನು ತಿಂದು ಹಾಳುಮಾಡತಕ್ಕದ್ದು. ಅದು 1877ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡಾಗ ಬ್ರಿಟನ್ ಅದೇ ವರ್ಷ ವಿನಾಶಕ ಕೀಟಗಳ ಕಾಯಿದೆಯನ್ನು ಮಾಡಿತು. ಸಮುದ್ರವೇ ಕಂದಕ, ರೇವೇ ಹೆಬ್ಬಾಗಿಲು. ಬಾಗಿಲಲ್ಲಿ ಕಾವಲಿಟ್ಟರೆ ಸಾಕೆಂಬುದು ಅದರ ಭಾವನೆ. ದ್ವೀಪವಾಸಿಗಳಿಗೆ ಇದು ಸಹಜವೇ. ಆದರೆ 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ಕೊಳೆಸಿ ಮಹಾಕ್ಷಾಮಕ್ಕೆ ಕಾರಣವಾದ ಅಂಗಮಾರಿ ಆ ಕಂದಕವನ್ನು ಮೊದಲೇ ದಾಟಿತ್ತೆಂಬುದನ್ನು ಮರೆಯಬಾರದು.

ಭಾರತಕ್ಕೆ ಇದೇ ಮಾದರಿ ಬಂದಿತು. 1906ರಲ್ಲಿ ಇಟಲಿಯ ಬಿತ್ತನೆ ಗೆಡ್ಡೆಯೊಡನೆ ಗೆಡ್ಡೆ ಕೊರೆಯುವ ಪತಂಗ ಮುಂಬಯಿ ಪ್ರಾಂತವನ್ನು ಹೊಕ್ಕಿತು. ಅದೇ ವರ್ಷ ಹೊರದೇಶದ ಹತ್ತಿಗೆ ವಿಷದ ಹೊಗೆ ಹಾಕಬೇಕೆಂದು ಆಜ್ಞೆಯಾಯಿತು. 1914ರಲ್ಲಿ ವಿನಾಶಕ ಕೀಟ ಮತ್ತು ಪಿಡುಗುಗಳ ಕಾಯಿದೆ ಹುಟ್ಟಿತು. ಹೆಸರಿನಲ್ಲಿಯೇ 1877ರ ನೆರಳು ಕಾಣುತ್ತದೆ. ಮೈಸೂರು ಸಂಸ್ಥಾನಕ್ಕಾದರೋ ಸ್ವಂತ ರೇವೇ ಇರಲಿಲ್ಲ. ಹಾಸನದ ಹೊಲಕ್ಕೆ ಕಾವಲು ಬೇಕಾದರೆ ಅದು ಪರರಾಜ್ಯದ ಬಂದರಿನಲ್ಲಿ ನಿಲ್ಲಬೇಕಾಗಿತ್ತು.

ಒಳನಾಡಿನ ಪ್ರಶ್ನೆ ಬೇರೆಯದು. ಮದರಾಸು ಪ್ರಾಂತ 1919ರಲ್ಲಿಯೇ ತನ್ನದೊಂದು ಪಿಡುಗಿನ ಕಾಯಿದೆಯನ್ನು ಮಾಡಿಕೊಂಡಿತು. ಪ್ರಾಂತದಿಂದ ಪ್ರಾಂತಕ್ಕೆ ಸಾಗುವ ಸರಕನ್ನು ತಡೆಯುವ ಅಧಿಕಾರವನ್ನು ಕೇಂದ್ರವು 1914ರ ಕಾಯಿದೆಗೆ ಅನಂತರ ಸೇರಿಸಿಕೊಂಡಿತು. ಡಾರ್ಜಿಲಿಂಗಿನಲ್ಲಿ ಆಲೂಗೆಡ್ಡೆಯ ನರೂಲಿ ರೋಗ ಕಂಡಾಗ ಅಲ್ಲಿಂದ ಗೆಡ್ಡೆಯ ಸಾಗಣೆಗೆ ನಿರ್ಬಂಧ ಬಂದದ್ದು ಈ ಅಧಿಕಾರದಿಂದ. ನಮಗೆ ಇನ್ನೂ ಹತ್ತಿರದ ಉದಾಹರಣೆ ನೀಲಗಿರಿಯದು. 1961ರಲ್ಲಿ ಅಲ್ಲಿ ಆಲೂಗೆಡ್ಡೆಯ ಬೇರನ್ನು ಹಿಡಿಯುವ ಜಂತುಹುಳು ಪತ್ತೆಯಾಯಿತು. ಅದರ ಮೊಟ್ಟೆಗಳು ಕೋಶದೊಳಗೆ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಗೆಡ್ಡೆಗೆ ಅಂಟಿದ ಹಿಡಿ ಮಣ್ಣೇ ಅದಕ್ಕೆ ವಾಹನ. ನೀಲಗಿರಿಯ ಬಿತ್ತನೆ ಗೆಡ್ಡೆ ಹೊರಗೆ ಹೋಗದಂತೆ ತಡೆದದ್ದರಲ್ಲಿ ಹಾಸನದ ರೈತನ ಹಿತವೂ ಅಡಗಿದೆ.

ಮೈಸೂರು ರಾಜ್ಯದ ವ್ಯವಸಾಯ ಪಿಡುಗು ಮತ್ತು ರೋಗಗಳ ಕಾಯಿದೆ 1968ರದು. ಅದೇ ವರ್ಷ ಕುಫ್ರಿ ಜ್ಯೋತಿ ಎಂಬ ತಳಿ ಬಿಡುಗಡೆಯಾಯಿತು. ಹಾಸನ ಸೀಮೆ ಅದನ್ನು ತನ್ನದನ್ನಾಗಿ ಮಾಡಿಕೊಂಡಿತು. ಮೊದಲು ಅಂಗಮಾರಿಯನ್ನು ತಡೆಯುತ್ತಿದ್ದ ಆ ತಳಿ ಕ್ರಮೇಣ ಆ ಶಕ್ತಿಯನ್ನು ಕಳೆದುಕೊಂಡಿತು. ಉತ್ತರದ ಬಯಲಿನಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ, ನಮ್ಮಲ್ಲಿ ಮಳೆಗಾಲದ್ದು. ಮೋಡ, ತಂಪು, ತೇವ ಮೂರೂ ಕೂಡಿದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನು ಕಪ್ಪಾಗಿಸುತ್ತದೆ. ಹೀಗೆ ಮತ್ತೆ ಮತ್ತೆ ನಷ್ಟಹೊಂದಿದ ಅನೇಕರು ಜೋಳಕ್ಕೆ, ಶುಂಠಿಗೆ ತಿರುಗಿದ್ದಾರೆ.

ಇಲ್ಲಿಯೇ ದ್ವೀಪದ ಮಾದರಿಯ ಕೊರತೆ ಎದ್ದುಕಾಣುತ್ತದೆ. ಪ್ರತಿಬಂಧಕ ಶಾಸನ ಹೊಸಬನನ್ನು ತಡೆಯುತ್ತದೆ. ಮನೆಯೊಳಗೆ ನೆಲೆಸಿದವನನ್ನು ತಡೆಯುವುದಿಲ್ಲ. ಅಂಗಮಾರಿ ಭಾರತದಲ್ಲೆಲ್ಲ ನೆಲೆಸಿದ ರೋಗವಾದುದರಿಂದ ಅದನ್ನು ಹೊತ್ತ ಮೂಟೆಗೆ ರಾಜ್ಯದ ಗಡಿಯಲ್ಲಿ ಅಡ್ಡಿಯಿಲ್ಲ. 1966ರ ಬೀಜ ಕಾಯಿದೆಯಲ್ಲಿಯೂ ಪ್ರಮಾಣೀಕರಣವು ಐಚ್ಛಿಕವೇ. ರೈತನು ಬಿತ್ತನೆಗೆಂದು ಕೊಂಡ ಗೆಡ್ಡೆ ಅಡಿಗೆಯ ಗೆಡ್ಡೆಯಾಗಿಯೇ ಬಂದಿರಬಹುದು. ಗಾಳಿಯಲ್ಲಿ ಹರಡುವ ಪಿಡುಗಿನ ಮುಂದೆಯಂತೂ ಶಾಸನ ನಿಸ್ಸಹಾಯ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಂಡ ತೆಂಗಿನ ನುಸಿ ಯಾವ ತನಿಖೆಯ ಠಾಣೆಗೂ ನಿಲ್ಲದೆ ಕರ್ನಾಟಕದ ತೋಟಗಳಿಗೂ ನುಗ್ಗಿತು. ಚನ್ನರಾಯಪಟ್ಟಣದ ತೆಂಗಿನ ಬೆಳೆಗಾರರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಈಚೆಗೆ ಹಾಸನ ಸೀಮೆಯಲ್ಲಿ ಬೇರುಬಿಟ್ಟ ಕುಡಿಗಳನ್ನು ನೆಟ್ಟು, ಬಿತ್ತನೆಯ ಗೆಡ್ಡೆಯನ್ನು ಇಲ್ಲಿಯೇ ಬೆಳೆಯುವ ಕೆಲಸ ಆರಂಭವಾಗಿದೆ. ರೋಗರಹಿತ ತಾಯಿಗಿಡದಿಂದ ತೆಗೆದ ಕುಡಿಯಾದುದರಿಂದ ಪಂಜಾಬಿನ ಮೂಟೆಯ ಹಂಗು ಅಷ್ಟರಮಟ್ಟಿಗೆ ತಪ್ಪುತ್ತದೆ. ಇದು ಯಾವ ಪ್ರತಿಬಂಧಕ ಕಾಯಿದೆಯೂ ಆಜ್ಞಾಪಿಸಿದ ಕ್ರಮವಲ್ಲ.