ವಚನವಾಙ್ಮಯವು ಅಚ್ಚಿನಮನೆಯನ್ನು ಕಂಡ ಬಗೆ

ಬರೆದುದನ್ನು ಪ್ರಕಟಿಸುವವರಾರು ಎಂಬ ಚಿಂತೆಯು ಇಂದಿನ ತರುಣ ಲೇಖಕರಿಗೆ ಮಾತ್ರ ಒದಗಿದುದಲ್ಲ. ಇಂದು ನಾವು ಕೈಚಾಚಿದರೆ ಸಿಗುವ ಶರಣರ ವಚನಗಳೂ ಒಂದು ಕಾಲಕ್ಕೆ ಮುದ್ರಕರಿಲ್ಲದೆ ಕಾದಿದ್ದವು. ಆ ವೃತ್ತಾಂತವನ್ನು ಸಾಹಿತ್ಯದ ವಿದ್ಯಾರ್ಥಿಗಳು ಅವಶ್ಯವಾಗಿ ಅರಿಯತಕ್ಕದ್ದು.

ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ವಕೀಲರಾಗಿದ್ದರು. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಡವಾಲೆಯ ಕಟ್ಟುಗಳು ವಿಭೂತಿ ಪತ್ರಿಗಳಿಂದ ಪೂಜೆಗೊಳ್ಳುತ್ತಿದ್ದವೇ ಹೊರತು ಓದಲ್ಪಡುತ್ತಿದ್ದುದು ವಿರಳ. ಹಳಕಟ್ಟಿಯವರು ಅವನ್ನು ಊರೂರು ಅಲೆದು ಸಂಗ್ರಹಿಸಿ, ಪ್ರತಿಮಾಡಿ, ವಿಷಯಾನುಸಾರವಾಗಿ ವಿಂಗಡಿಸಿ ‘ವಚನಶಾಸ್ತ್ರಸಾರ’ವನ್ನು ಸಿದ್ಧಪಡಿಸಿದರು. ಬರೆಹ ಮುಗಿಯಿತು; ಅಚ್ಚಿನ ತೊಡಕು ಅಲ್ಲಿಂದ ಮೊದಲಾಯಿತು.

ಮೊದಲು ಹಸ್ತಪ್ರತಿಯು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಯಿತು. ಅದು ಅಚ್ಚಾಗದೆ ಹಿಂದಿರುಗಿತು. ಇದರ ಕಾರಣವನ್ನು ಹಲವರು ಹಲವು ಬಗೆಯಾಗಿ ಹೇಳುವರು. ಅಷ್ಟರಿಂದಲೇ ಆ ಮುದ್ರಣಾಲಯವನ್ನು ಜರೆಯುವುದು ನನಗೆ ಸರಿದೋರದು. 1894ರಲ್ಲಿ ಕಿಟ್ಟೆಲ್ಲರ ನಿಘಂಟನ್ನು ಕನ್ನಡಿಗರ ಕೈಗಿತ್ತುದೂ ಅದೇ ಅಲ್ಲವೆ? ಅದಿರಲಿ. ಗ್ರಂಥದ ಮೊದಲನೆಯ ಭಾಗವು ಕೊನೆಗೆ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ಹೊರಬಂದಿತು.

ಪರರ ಅಚ್ಚಿನಮನೆಯನ್ನು ನಂಬಿದರೆ ಉಳಿದ ಕಟ್ಟುಗಳು ಗೆದ್ದಲಿನ ಪಾಲಾಗುವುವೆಂಬುದು ಅವರಿಗೆ ಮನದಟ್ಟಾಗಿರಬೇಕು. ಇದ್ದ ಸ್ವಂತ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ತಾವು ಬಾಡಿಗೆಯ ಮನೆಯಲ್ಲಿ ನಿಂತರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯು ಹುಟ್ಟಿತು. ಮನೆ ಮಾರಿದ ತ್ಯಾಗವನ್ನೇ ನಾವು ಬಹಳವಾಗಿ ಕೊಂಡಾಡುತ್ತೇವೆ. ಆದರೆ ಪತ್ರಿಕೆಯನ್ನು ಹೊರಡಿಸಿದುದರಲ್ಲಿರುವ ವಿವೇಕವು ಅದಕ್ಕಿಂತ ಕಡಿಮೆಯದಲ್ಲ. ದೊಡ್ಡ ಗ್ರಂಥವೊಂದಕ್ಕೆ ಒಮ್ಮೆಲೇ ಬೇಕಾಗುವ ಹಣವು ಬಡ ಸಂಪಾದಕನಲ್ಲಿ ಎಲ್ಲಿಂದ ಬರಬೇಕು? ಪತ್ರಿಕೆಯಾದರೋ ಚಂದಾದಾರರ ಸಣ್ಣ ಹಣದಿಂದ ನಡೆಯುವುದು. ಸಾಹಿತ್ಯವು ಕಂತುಕಂತಾಗಿ ಓದುಗರನ್ನು ಸೇರುವುದು. ಓದಿದವರು ತಮ್ಮೂರಿನ ಓಲೆಗಟ್ಟುಗಳ ಸುದ್ದಿಯನ್ನು ತಿಳಿಸಲೂ ಮಾರ್ಗವಾಗುವುದು. ಮೊದಲು ಸುಮಾರು ಐವತ್ತು ಮಂದಿ ವಚನಕಾರರ ಹೆಸರುಗಳಷ್ಟೇ ತಿಳಿದಿದ್ದಲ್ಲಿ, ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರೈವತ್ತನ್ನು ಮೀರಿತು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರಿಗೆ ಸಂದಿತು.

ಚಂದಾದಾರರನ್ನು ನಂಬಿದ ಇನ್ನೊಂದು ಉದ್ಯಮವು 1933ರಲ್ಲಿ ಧಾರವಾಡದಲ್ಲಿ ಮೊದಲಾಯಿತು, ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯೇ ಅದು. ಅನೇಕ ಹೊಸ ಬರೆಹಗಾರರಿಗೆ ಅದು ಬಾಗಿಲು ತೆರೆಯಿತು.

ಈಗಿನ ಲೇಖಕರಿಗೆ ಮನೆ ಮಾರುವ ಪ್ರಸಂಗವಿಲ್ಲ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರೆಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವನ್ನು ಕೊಡುವ ಯೋಜನೆಯನ್ನು ಇರಿಸಿಕೊಂಡಿದೆ. ಅದಕ್ಕಾಗಿ ಹಸ್ತಪ್ರತಿಗಳನ್ನು ಕರೆಯುವ ಪ್ರಕಟಣೆಯನ್ನು ಗಮನಿಸುತ್ತಿದ್ದು, ವಯೋಮಿತಿ ಮೊದಲಾದ ನಿಯಮಗಳನ್ನು ಓದಿಕೊಂಡು ಕಳುಹಿಸತಕ್ಕದ್ದು. ಅದಕ್ಕೂ ಮೊದಲು ಬಿಡಿ ಲೇಖನಗಳನ್ನು ಪತ್ರಿಕೆಗಳಿಗೆ ಕೊಟ್ಟು ನೋಡುವುದು ಲೇಸು. ಕಳುಹಿಸುವ ಮುನ್ನ ಒಂದು ಶುದ್ಧಪ್ರತಿಯನ್ನು ತಮ್ಮಲ್ಲಿ ಉಳಿಸಿಕೊಳ್ಳಲಿ. ಮಂಗಳೂರಿಗೆ ಹೋದ ಕಟ್ಟು ಹಿಂದಿರುಗಿದುದು ನಮ್ಮ ಭಾಗ್ಯ.