ಏಳನೆಯ ಇಯತ್ತೆಯ ಆಚೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂದಿಗೂ ಒಂದು ಮಾತು ಕೇಳಿಬರುತ್ತದೆ: "ನಮ್ಮ ಅಜ್ಜಾ ಮುಲ್ಕಿ ಪಾಸಾಗಿದ್ದಾ." ಹಾಗೆ ಹೇಳುವವರ ದನಿಯಲ್ಲಿ ಇಂದಿನ ಯಾವ ಡಿಗ್ರಿಗೂ ಸಲ್ಲದ ಹೆಮ್ಮೆ ಇರುತ್ತದೆ. ಮುಲ್ಕಿ ಎಂದರೆ ಮುಂಬಯಿ ಸರಕಾರದ ಕಾಲದಲ್ಲಿ ಕನ್ನಡ ಸಾಲಿಯ ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಪರೀಕ್ಷೆ. ಅದನ್ನು ದಾಟಿದವನು ಸಾಲಿ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಬಿನ್ನೆತ್ತಿಯಿಂದ ಮುಲ್ಕಿಯವರೆಗೆ ಎಂದರೆ ಒಂದು ಪೂರ್ಣ ವಿದ್ಯಾಭ್ಯಾಸ ಮುಗಿದಂತೆಯೇ ಎಂದು ಜನ ತಿಳಿದಿದ್ದರು. ಆದರೆ "ನಮ್ಮ ಅಜ್ಜಿ ಮುಲ್ಕಿ ಪಾಸಾಗಿದ್ದಳು" ಎಂಬ ಮಾತನ್ನು ನಾನು ಕೇಳಿದ್ದು ಬಹಳ ಅಪರೂಪ. ಅಜ್ಜನಿಗೆ ಹೆಮ್ಮೆಯಾಗಿದ್ದ ಏಳನೆಯ ಇಯತ್ತೆ ಬಹುಮಂದಿಗೆ ದಾರಿಯ ಕೊನೆಯೂ ಆಗಿತ್ತು ಎಂಬುದನ್ನು ನಾವು ಮರೆಯುತ್ತೇವೆ.

ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಬಂದಿರುವ ನನಗೆ ಪ್ರತಿ ಜೂನ್ ತಿಂಗಳಲ್ಲಿ ಈ ಏಳು ಮತ್ತು ಎಂಟರ ನಡುವಿನ ಹೊಸ್ತಿಲೇ ಕಣ್ಣಿಗೆ ಬೀಳುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸುತ್ತಿನ ಹಳ್ಳಿಗಳಿಂದ ಮಕ್ಕಳು ಈ ಹೊಸ್ತಿಲನ್ನು ಹೇಗೆ ದಾಟಿದರು, ಅವರನ್ನು ದಾಟಿಸಿದವರು ಯಾರು ಎಂಬುದೇ ಒಂದು ಇತಿಹಾಸ. ನಮ್ಮ ಪಠ್ಯಪುಸ್ತಕದಲ್ಲಿ ಕಿತ್ತೂರಿನ ಯುದ್ಧಕ್ಕೆ ಪಾಠವಿದೆ, ಇದಕ್ಕಿಲ್ಲ.

ಯುದ್ಧದ ಮಾತು ಬಂದದ್ದು ಒಳ್ಳೆಯದೇ ಆಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದದ್ದನ್ನು ನಾವೆಲ್ಲ ಓದಿದ್ದೇವೆ. ಅಂದು ಚನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನೂ ಒಬ್ಬ. ರಾಣಿ ಅವರನ್ನು ಸೆರೆಯಲ್ಲಿಯೂ ಗೌರವದಿಂದ ನಡೆಸಿಕೊಂಡಳೆಂದು ಹೇಳುತ್ತಾರೆ. ಇದೇ ಎಲಿಯಟ್ ಮುಂದೆ ಧಾರವಾಡದಲ್ಲಿ ಕನ್ನಡ ಸಾಲಿ ತೆರೆಯಲು ಮುಂದಾದ. ಮರಾಠಿಯೇ ಕಚೇರಿಯ ಭಾಷೆ, ಸಾಲಿಯ ಭಾಷೆ ಆಗಿದ್ದ ಕಾಲ ಅದು. ಬೈಲಹೊಂಗಲದ ಸೆರೆಯಲ್ಲಿ ರಾಣಿ 1829ರಲ್ಲಿ ತೀರಿಕೊಂಡಳು. ಅವಳ ನಾಡಿನ ಮಕ್ಕಳಿಗೆ ಅವಳ ಮಾತಿನಲ್ಲಿಯೇ ಅಕ್ಷರ ಕಲಿಸಬೇಕೆಂಬ ವಿಚಾರ ಅವಳ ಸೆರೆಯಾಳೊಬ್ಬನಿಗೆ ಹೊಳೆದದ್ದು ಇತಿಹಾಸದ ಸೋಜಿಗಗಳಲ್ಲೊಂದು.

ಆ ವಿಚಾರವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರು ಡೆಪ್ಯುಟಿ ಚನ್ನಬಸಪ್ಪನವರು. 1833ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಇವರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರು ಮಾಡಿದರು. ಆಮೇಲೆ ಬೆಳಗಾವಿಯಲ್ಲಿ ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಕನ್ನಡ ಸಾಲಿಗಳನ್ನು ಬೆಳೆಸಿದರು. ಅಂದಿನ ಸರಕಾರಿ ಕಾಗದಗಳಲ್ಲಿ ಇಂದಿನ ಬೈಲಹೊಂಗಲ ತಾಲೂಕಿಗೆ ಸಂಪಗಾಂವ ತಾಲೂಕೆಂದೂ ಸವದತ್ತಿಗೆ ಪರಸಗಡ ತಾಲೂಕೆಂದೂ ಹೆಸರು. ರಾಮದುರ್ಗ ಬೇರೆಯದೇ ಸಂಸ್ಥಾನ, ಭಾವೆ ಮನೆತನದ ಆಳಿಕೆ. ಅದು ಮುಂಬಯಿ ಪ್ರಾಂತದಲ್ಲಿ ಸೇರಿದ್ದು 1948ರಲ್ಲಿ.

ಹೀಗೆ ಕನ್ನಡ ಸಾಲಿಗಳೇನೋ ಹುಟ್ಟಿಕೊಂಡವು. ಆದರೆ ಅಂದಿನ ಪದ್ಧತಿಯಲ್ಲಿ ಒಂದು ತೊಡಕಿತ್ತು. ಕನ್ನಡ ನಾಲ್ಕನೆಯ ಇಯತ್ತೆ ಮುಗಿದ ಕೂಡಲೇ ದಾರಿ ಎರಡಾಗಿ ಒಡೆಯುತ್ತಿತ್ತು. ಅನುಕೂಲವಿದ್ದವರ ಮಗ ಇಂಗ್ಲಿಷ್ ಸಾಲಿಯ ಒಂದನೆಯದಕ್ಕೆ ಸೇರಿ ಮ್ಯಾಟ್ರಿಕ್ಕಿನತ್ತ ನಡೆಯುತ್ತಿದ್ದ. ಉಳಿದವರು ಕನ್ನಡ ಸಾಲಿಯಲ್ಲಿಯೇ ಇದ್ದು ಮುಲ್ಕಿಗೆ ಮುಟ್ಟುತ್ತಿದ್ದರು. ಮುಲ್ಕಿ ಮುಗಿಸಿದ ಮೇಲೆ ಹೈಸ್ಕೂಲಿನ ಆಸೆ ಹುಟ್ಟಿದರೆ ಮೀಸೆ ಚಿಗುರುವ ವಯಸ್ಸಿನಲ್ಲಿ ಎ, ಬಿ, ಸಿ ತಿದ್ದಬೇಕು. ಹತ್ತು ವರ್ಷದ ಮಗುವಿನ ಹಣೆಬರಹವನ್ನು ನಾಲ್ಕನೆಯ ಇಯತ್ತೆಯಲ್ಲಿಯೇ ಬರೆದು ಮುಗಿಸಿದಂತೆ ಅದು. ಇನ್ನು ಹೈಸ್ಕೂಲು ಇದ್ದದ್ದಾದರೂ ಎಲ್ಲಿ? ಬೆಳಗಾವಿಯಲ್ಲಿ, ಇಲ್ಲವೇ ಧಾರವಾಡದಲ್ಲಿ. ರಾಮದುರ್ಗದ ಹುಡುಗನಿಗೆ ಬೆಳಗಾವಿ ಸುಮಾರು ನೂರು ಕಿಲೋಮೀಟರು. ಎತ್ತಿನ ಗಾಡಿಯ ಕಾಲದಲ್ಲಿ ಅದು ಪರದೇಶವೇ ಸರಿ.

ಈ ಅಂತರಕ್ಕೆ ಮೊದಲು ಕೈಹಾಕಿದ್ದು ದೊಡ್ಡ ಮನಸ್ಸಿನ ಜನ. ಸವದತ್ತಿ ತಾಲೂಕಿನ ಸಿರಸಂಗಿಯ ದೇಸಗತಿಗೆ ದತ್ತಕ ಬಂದ ಲಿಂಗರಾಜ ದೇಸಾಯರು (1861–1906) ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆಂದು ಬರೆದಿಟ್ಟರು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು 1883ರಲ್ಲಿ ಧಾರವಾಡದಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಫಂಡು ಕೂಡಿಸಿದರು. ಆ ನೆರವಿನ ಗಾಳಿಯಲ್ಲಿ ಬೆಳೆದ ಏಳು ಜನ ತರುಣರು, ಸಪ್ತರ್ಷಿಗಳೆಂದು ನಾವು ಕರೆಯುವವರು, 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿ ಒಂದು ಆಂಗ್ಲೋ ವರ್ನಾಕ್ಯುಲರ್ ಸಾಲಿ ತೆರೆದರು. ಅದಕ್ಕೆ ಹಿರಿಯರಿಬ್ಬರ ಹೆಸರು ಕೂಡಿ ಗಿಲಗಂಚಿ ಅರಟಾಳ ಹೈಸ್ಕೂಲು ಎಂದಾಯಿತು. 1933ರ ಕಾಲೇಜಿಗೆ ಲಿಂಗರಾಜರ ಹೆಸರು ಬಂತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಅನ್ನ, ಆಸರೆ ಕೊಟ್ಟರು. ಸ್ಕಾಲರ್‌ಶಿಪ್ಪು, ಬೋರ್ಡಿಂಗು, ಎರಡು ಹೊತ್ತಿನ ಪ್ರಸಾದ, ಇವುಗಳ ಬಲದಿಂದ ನಮ್ಮ ಕಡೆಯ ಎಷ್ಟೋ ಹುಡುಗರು ಏಳರ ಹೊಸ್ತಿಲು ದಾಟಿದರು.

ಹುಡುಗರು ಎಂದೆ. ಗೆಳತಿಯರೆ, ಈ ಕಥೆಯಲ್ಲಿ ಇಲ್ಲಿಯವರೆಗೆ ಹುಡುಗಿ ಬರಲಿಲ್ಲ ಎಂಬುದು ನಿಮ್ಮ ಲಕ್ಷ್ಯಕ್ಕೆ ಬಂದೇ ಇರುತ್ತದೆ.

ನಮ್ಮ ಅವ್ವ ಸವದತ್ತಿಯ ಕಡೆಯವಳು. 1960ರ ಸುಮಾರಿಗೆ ತನ್ನ ಊರಿನ ಕನ್ನಡ ಸಾಲಿಯಲ್ಲಿ ಏಳನೆಯದು ಪಾಸಾದಳು. ಅವಳ ಅಣ್ಣ ಧಾರವಾಡದ ಬೋರ್ಡಿಂಗಿನಲ್ಲಿದ್ದು ಮ್ಯಾಟ್ರಿಕ್ ಮುಗಿಸಿದ. ಅವ್ವ ಮನೆಯಲ್ಲಿ ಉಳಿದಳು. ಯಾರೂ ಅವಳಿಗೆ "ನೀ ಸಾಲಿಗೆ ಹೋಗಬ್ಯಾಡ" ಎಂದು ಹೇಳಲಿಲ್ಲವಂತೆ. "ಹೋಗು ಅಂತನೂ ಯಾರೂ ಅನಲಿಲ್ಲವಾ" ಎಂದು ಅವ್ವ ನಗುತ್ತ ಹೇಳುತ್ತಿದ್ದಳು. 1961ರಲ್ಲಿ ಆಗಿನ ಮೈಸೂರು ರಾಜ್ಯ ಕಡ್ಡಾಯ ಶಿಕ್ಷಣದ ಕಾಯ್ದೆ ಮಾಡಿತು. ಅದರ ಹೆಸರೇ ಹೇಳುವಂತೆ ಕಡ್ಡಾಯ ಪ್ರಾಥಮಿಕಕ್ಕೆ ಮಾತ್ರ. ಏಳರ ಆಚೆ ಹೋಗುವುದು ಅವರವರ ಮನೆಯ ಮರ್ಜಿ.

ಆ ಮರ್ಜಿ ಯಾವ ವಯಸ್ಸಿನಲ್ಲಿ ಗಟ್ಟಿಯಾಗುತ್ತದೆ ನೋಡಿ. ಹನ್ನೆರಡು, ಹದಿಮೂರು ವರ್ಷ. ಹುಡುಗಿ ದೊಡ್ಡಾಕಿ ಆಗುವ ವಯಸ್ಸು. ಊರ ಸಾಲಿ ಮುಗಿದು ದೂರದ ಸಾಲಿ ಸುರುವಾಗುವುದು, ಹುಡುಗಿಯ ಮೈ ಬದಲಾಗುವುದು, ಮನೆಯವರಿಗೆ ಅಂಜಿಕೆ ಹುಟ್ಟುವುದು ಮೂರೂ ಒಂದೇ ವರ್ಷದಲ್ಲಿ ಬರುತ್ತವೆ. ಹುಡುಗನಿಗೆ ಫಂಡು ಸಿಕ್ಕರೆ ದಾರಿ ತೆರೆಯುತ್ತಿತ್ತು. ಹುಡುಗಿಗೆ ಫಂಡು ಸಿಕ್ಕರೂ ಆ ದಾರಿಯಲ್ಲಿ ಒಬ್ಬಳೇ ನಡೆಯುವ ಹಾಗಿರಲಿಲ್ಲ.

ನಾನು ಏಳನೆಯದು ಮುಗಿಸಿದ್ದು 1980ರ ದಶಕದ ಆರಂಭದಲ್ಲಿ. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು. ರಿಜಲ್ಟ್ ಬಂದ ಮೇಲೆ ನಮ್ಮೂರ ಸಾಲಿಯ ಅಕ್ಕೋರು ಎರಡು ಸಲ ಮನೆಗೆ ಬಂದರು. ಅಪ್ಪ ಇಟ್ಟ ಶರತ್ತು ಒಂದೇ: "ನಾಕ್ ಮಂದಿ ಹುಡಿಗ್ಯಾರು ಕೂಡಿ ಹೊಂಟ್ರ ಕಳಸ್ತೀನ್ರಿ. ಒಬ್ಬಾಕಿನ್ನ ಕಳಸೂದಿಲ್ಲ." ಅಕ್ಕೋರು ಮಿಕ್ಕ ಮೂರು ಮನೆಗಳ ಹೊಸ್ತಿಲು ಹತ್ತಿ ಇಳಿದರು. ಆ ಮೂರೂ ಮನೆಗಳಲ್ಲಿ ಇದೇ ಮಾತು. ಪ್ರತಿಯೊಬ್ಬರೂ ಇನ್ನೊಬ್ಬರ ಮಗಳ ಹಾದಿ ಕಾಯುತ್ತಿದ್ದರು. ಕೊನೆಗೆ ನಾಲ್ವರೂ ಕೆಂಪು ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೊರಟೆವು. ಒಂಬತ್ತನೆಯದರಲ್ಲಿ ಒಬ್ಬಳ ಮದುವೆಯಾಯಿತು. ಅವಳ ಓಣಿಯ ಇನ್ನೊಬ್ಬಳಿಗೆ ಬಸ್ ಸ್ಟ್ಯಾಂಡಿನವರೆಗೆ ಜೋಡಿ ಇಲ್ಲದಂತಾಗಿ ಅವಳ ಸಾಲಿಯೂ ಬಿಟ್ಟಿತು. ಆಕೆ ನಮ್ಮೆಲ್ಲರಿಗಿಂತ ಲೆಕ್ಕದಲ್ಲಿ ಶಾಣ್ಯಾಳು. ಅವಳು ಸಾಲಿ ಬಿಟ್ಟದ್ದಕ್ಕೆ ಬಡತನವೂ ಕಾರಣವಲ್ಲ, ನಪಾಸೂ ಕಾರಣವಲ್ಲ. ಇನ್ನೊಬ್ಬಳ ಮದುವೆ ಕಾರಣ. ಯಾವ ರಜಿಸ್ಟರಿನಲ್ಲಿ ಇದನ್ನು ಬರೆಯುತ್ತಾರೆ?

ಸವದತ್ತಿಯ ಬಗ್ಗೆ ಬರೆಯುವಾಗ ಇನ್ನೊಂದು ಸಂಗತಿಯನ್ನು ಬಿಡಲಾಗದು. ಎಲ್ಲಮ್ಮನ ಗುಡ್ಡಕ್ಕೆ ನಾವೆಲ್ಲ ಭಕ್ತಿಯಿಂದ ಹೋಗುತ್ತೇವೆ, ಹಡ್ಡಲಗಿ ತುಂಬಿಸುತ್ತೇವೆ. ಆದರೆ ಆ ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿ, ಸಾಲಿಗೆ ಹೋಗಬೇಕಾದ ವಯಸ್ಸನ್ನೇ ನುಂಗಿತು. 1934ರಲ್ಲಿ ಮುಂಬಯಿ ಸರಕಾರದ ಕಾಯ್ದೆ, 1982ರಲ್ಲಿ ಕರ್ನಾಟಕದ ಕಾಯ್ದೆ ಬಂದವು. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದವರು ಆ ಬಾಳನ್ನು ಕಂಡುಂಡ ಹೆಂಗಸರೇ. ನಮ್ಮ ಜಿಲ್ಲೆಯ ಸೀತವ್ವ ಜೋಡಟ್ಟಿಯವರು, ಎಳೆವಯಸ್ಸಿನಲ್ಲಿಯೇ ದೇವದಾಸಿಯಾದವರು, ತಮ್ಮಂಥವರನ್ನು ಕೂಡಿಸಿಕೊಂಡು ಊರೂರು ತಿರುಗಿ ಈ ಪದ್ಧತಿಯನ್ನು ತಡೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಎಂಟನೆಯ ತರಗತಿಯ ಹುಡುಗಿಯರಿಗೆ ಆ ಸುದ್ದಿಯನ್ನು ಓದಿ ಹೇಳಿದೆ. ಅಂದು ತರಗತಿಯಲ್ಲಿ ಇದ್ದ ಮೌನ ನೆನಪಿದೆ.

ಹುಡುಗಿಯರಿಗೆಂದೇ ದಾರಿ ತೆರೆದ ದೊಡ್ಡ ಪ್ರಯತ್ನವೂ ನಮ್ಮ ನೆಲದಲ್ಲಿಯೇ ಆಯಿತು. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಹುಡುಗಿಯರ ಸೈನಿಕ ವಸತಿ ಶಾಲೆ ಪ್ರಾರಂಭವಾಯಿತು. ಎಸ್. ಆರ್. ಕಂಠಿಯವರ ಕನಸು ಅದು. ಆರನೆಯ ತರಗತಿಗೆ ಪರೀಕ್ಷೆ ಬರೆದು ಸೇರಬೇಕು. ಸೇರಿದವರಿಗೆ ಏಳರ ಹೊಸ್ತಿಲೇ ಇಲ್ಲ. ಖಾಕಿ ತೊಟ್ಟು ಕುದುರೆ ಏರುವ ಹುಡುಗಿಯರನ್ನು ಕಂಡು ನಮ್ಮ ಹಳ್ಳಿಯ ತಾಯಂದಿರು ಮೂಗಿನ ಮೇಲೆ ಬೆರಳಿಟ್ಟದ್ದುಂಟು. 1990ರ ದಶಕದಲ್ಲಿ ಬಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಆರನೆಯದರಿಂದಲೇ ಸುರು. ಆದರೆ ಇಲ್ಲೆಲ್ಲ ಸೀಟುಗಳು ಎಣಿಕೆಯವು. ಉಳಿದ ಹುಡುಗಿಯರು ನಿತ್ಯ ಹೋಗಿಬರುವ ಹೈಸ್ಕೂಲಿಗೇ ಬರಬೇಕು.

ಅಂಥವರಿಗೆ ನಿಜವಾಗಿ ಆಸರೆಯಾದದ್ದು ಎರಡು ಸಾದಾ ವಸ್ತುಗಳು. ಒಂದು, ಸೈಕಲ್ಲು. 2006–07ರಲ್ಲಿ ಎಂಟನೆಯ ತರಗತಿಯ ಬಡ ಹುಡುಗಿಯರಿಗೆ, ಮುಂದೆ ಹುಡುಗರಿಗೂ, ಸರಕಾರ ಸೈಕಲ್ ಕೊಟ್ಟಿತು. ಒಬ್ಬಳಿಗೆ ಕೊಟ್ಟಿದ್ದರೆ ಅವಳು ಊರವರ ಕಣ್ಣಿಗೆ ಬೀಳುತ್ತಿದ್ದಳು. ಎಲ್ಲರಿಗೂ ಒಂದೇ ಸಲ ಬಂದದ್ದರಿಂದ ಹತ್ತಿಯ ಹೊಲಗಳ ನಡುವಿನ ದಾರಿಯಲ್ಲಿ ಎಂಟು ಹತ್ತು ಹುಡುಗಿಯರು ಸಾಲಾಗಿ ಬರತೊಡಗಿದರು. ನಮ್ಮಪ್ಪ ಕೇಳಿದ ನಾಲ್ಕು ಮಂದಿಯ ಜೋಡಿ ತಾನಾಗಿಯೇ ಕೂಡಿತು. ಕೋವಿಡ್ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಎರಡು, ಬಿಸಿಯೂಟ. ಕನ್ನಡ ಸಾಲಿಯಲ್ಲಿದ್ದ ಊಟ 2007ರಲ್ಲಿ ಹೈಸ್ಕೂಲಿಗೂ ಬಂತು. ಅದಕ್ಕೂ ಮೊದಲು ಏಳನೆಯದರಲ್ಲಿ ಉಂಡ ಮಗು ಎಂಟನೆಯದಕ್ಕೆ ಬಂದು ಮಧ್ಯಾಹ್ನ ನೀರು ಕುಡಿದು ಕೂಡುವುದನ್ನು ನಾನು ಕಂಡಿದ್ದೇನೆ.

ಹೊಸ್ತಿಲು ದಾಟಿ ಒಳಗೆ ಬಂದ ಮೇಲೂ ಕಷ್ಟ ತಪ್ಪಿದ್ದಲ್ಲ. ಕನ್ನಡ ಸಾಲಿಯಲ್ಲಿ ದಿನವಿಡೀ ಒಬ್ಬರೋ ಇಬ್ಬರೋ ಅಕ್ಕೋರು. ಮಗುವಿನ ಅಪ್ಪನ ಹೆಸರು, ಮನೆಯ ಎಮ್ಮೆ ಈದದ್ದು ಎಲ್ಲ ಅವರಿಗೆ ಗೊತ್ತು. ಇಲ್ಲಿ ಗಂಟೆ ಹೊಡೆದಂತೆಲ್ಲ ಒಬ್ಬರು ಹೋಗಿ ಇನ್ನೊಬ್ಬರು ಬರುತ್ತಾರೆ. ಅಲ್ಲಿ ಅಕ್ಕೋರು, ಇಲ್ಲಿ ಮೇಡಂ. ಊರ ಸಾಲಿಯಲ್ಲಿ ಎಲ್ಲರಿಗಿಂತ ದೊಡ್ಡವಳಾಗಿ ಪ್ರಾರ್ಥನೆ ಹೇಳಿಸುತ್ತಿದ್ದ ಹುಡುಗಿ ಇಲ್ಲಿ ಎಲ್ಲರಿಗಿಂತ ಸಣ್ಣವಳು. ಜೂನ್ ತಿಂಗಳಲ್ಲಿ ನಾವು ಸೇತುಬಂಧ ನಡೆಸುತ್ತೇವೆ. ಹಿಂದಿನ ತರಗತಿಯಲ್ಲಿ ಕಲಿತದ್ದೆಷ್ಟು ಎಂದು ಪೂರ್ವ ಪರೀಕ್ಷೆ, ಬಿಟ್ಟುಹೋದದ್ದನ್ನು ಕಲಿಸಿ ಕೊನೆಗೆ ಸಾಫಲ್ಯ ಪರೀಕ್ಷೆ. ಹೆಸರು ಸುಂದರವಾಗಿದೆ, ಕೆಲಸವೂ ಬೇಕಾದದ್ದೇ. ಭಿನ್ನರಾಶಿ ಬಾರದವಳಿಗೆ ಬೀಜಗಣಿತ ಹೇಗೆ ಬಂದೀತು? ಆದರೆ ಈ ಸೇತುವೆ ದಡ ಮುಟ್ಟಿದವರಿಗೆ ಮಾತ್ರ. ಹೆಸರನ್ನೇ ಹಚ್ಚದವಳನ್ನು ಅದು ಮುಟ್ಟುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ನದಿದಂಡೆಯ ಹಳ್ಳಿಗಳಿಗೆ ನುಗ್ಗಿದಾಗ, ಮರುವರ್ಷ ಕೋವಿಡ್ಡಿಗೆ ಸಾಲಿಗಳು ಮುಚ್ಚಿದಾಗ, ಈ ಹೊಸ್ತಿಲು ಎಷ್ಟು ಜಾರುವಂಥದು ಎಂಬುದು ಮತ್ತೆ ತಿಳಿಯಿತು. ಪುಸ್ತಕ ತೊಯ್ದವಳಿಗೆ ಪುಸ್ತಕ ಕೊಟ್ಟೆವು. ಮದುವೆಯಾಗಿ ಹೋದವಳಿಗೆ ಏನು ಕೊಡುವುದು? 2009ರ ಶಿಕ್ಷಣ ಹಕ್ಕಿನ ಕಾಯ್ದೆಯೂ ಹದಿನಾಲ್ಕು ವರ್ಷದವರೆಗೆ ಕೈಹಿಡಿದು, ಅಲ್ಲಿಗೆ ಬಿಡುತ್ತದೆ.

ಆದ್ದರಿಂದ ನಾವು ಕೆಲವು ಶಿಕ್ಷಕಿಯರು ಒಂದು ರೂಢಿ ಮಾಡಿಕೊಂಡಿದ್ದೇವೆ. ಪರೀಕ್ಷೆಗೆ ಮೊದಲು ಸುತ್ತಿನ ಹಳ್ಳಿಗಳ ಏಳನೆಯ ತರಗತಿಯ ಹುಡುಗಿಯರನ್ನು ತಾಯಂದಿರೊಂದಿಗೆ ಹೈಸ್ಕೂಲು ನೋಡಲು ಕರೆಯುತ್ತೇವೆ. ನಾವು ಪ್ರಯೋಗಶಾಲೆ ತೋರಿಸಬೇಕೆಂದರೆ ತಾಯಂದಿರ ಪ್ರಶ್ನೆಗಳೇ ಬೇರೆ: "ಸಂಡಾಸಕ್ಕ ಕೊಂಡಿ ಐತೇನ್ರಿ?" "ಬಸ್ ತಪ್ಪಿದ್ರ ಎಲ್ಲಿ ಕುಂದರ್ತಾವ್ರಿ?" "ಹೊಟ್ಟಿ ಕಡದ್ರ ಯಾರ ಮುಂದ ಹೇಳ್ಬೇಕ್ರಿ?" ಸಿಲೆಬಸ್ಸಿನಲ್ಲಿ ಇಲ್ಲದ ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಅದೇ ದಿನ ಒಂದೊಂದು ಊರಿನ ಹುಡುಗಿಯರನ್ನು ಗುಂಪಾಗಿ ಕೂಡಿಸಿ, ತಾಯಂದಿರಿಗೆ ಪರಸ್ಪರ ಗುರುತು ಮಾಡಿಸುವುದು. ಇದಕ್ಕೆ ಸರಕಾರದ ದುಡ್ಡು ಬೇಕಿಲ್ಲ, ಒಂದು ಹಂಡೆ ಚಹಾ ಸಾಕು.

ಬೇಸಿಗೆ ಸೂಟಿಯಲ್ಲಿ ನಿಮ್ಮ ಓಣಿಯಲ್ಲಿಯೋ, ನಿಮ್ಮ ಮನೆಗೆ ಮುಸುರೆ ತಿಕ್ಕಲು ಬರುವವಳ ಮನೆಯಲ್ಲಿಯೋ ಏಳನೆಯದು ಮುಗಿಸಿದ ಹುಡುಗಿ ಇರಬಹುದು. ಅವಳಿಗೆ "ಎಷ್ಟು ಮಾರ್ಕ್ಸ್ ಬಿದ್ದಾವು?" ಎಂದು ಎಲ್ಲರೂ ಕೇಳುತ್ತಾರೆ. ನೀವು "ಹೈಸ್ಕೂಲಿಗೆ ಯಾರ ಜೋಡಿ ಹೊಂಟೀಯವಾ?" ಎಂದು ಕೇಳಿರಿ. ಅವಳು ಉತ್ತರ ಹೇಳದೆ ಅವ್ವನ ಮುಖ ನೋಡಿದರೆ, ಇನ್ನೊಂದು ಲೋಟ ಚಹಾಕ್ಕೆ ಇಟ್ಟು ಆ ತಾಯಿಯ ಜೊತೆ ಕುಳಿತುಕೊಳ್ಳಿರಿ.